ಪೆಡಲ್ ತುಳಿದವರು

ಭಾವನ ಗ್ಯಾರೇಜಿನಲ್ಲಿ ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿದರೆ, ಇನ್ನೊಬ್ಬರು ಚಕ್ರದ ಬಳಿ ನಟ್ಟು ಸಡಿಲಿಸಬೇಕು. ಅಂದು ಮಧ್ಯಾಹ್ನ ಕಾರಿನಡಿ ಮಲಗಿದ್ದೆ. ಮೇಲೆ ಬಾಗಿಲು ಹಾಕಿದ ಸದ್ದು ಕೇಳಿ, "ಭಾವ, ತುಳೀರಿ" ಎಂದೆ. ಪೆಡಲ್ ಕಿರ್ ಎಂದಿತು. ಹಿಂದಿನ ಎರಡೂ ಚಕ್ರ ಮುಗಿಯುವವರೆಗೆ ಆ ಕಾಲು ಒಮ್ಮೆಯೂ ತಪ್ಪಲಿಲ್ಲ. ಕೈಮೇಲೆ ಸೋರಿದ ಬ್ರೇಕ್ ಆಯಿಲ್ ಮಾತ್ರ ಮಂಜಿನಷ್ಟು ತಣ್ಣಗಿತ್ತು.

ಹೊರಬಂದರೆ ಕಾರಿನೊಳಗೆ ಯಾರೂ ಇಲ್ಲ; ಭಾವ ಊಟ ಮುಗಿಸಿ ಆಗತಾನೇ ಗೇಟು ತೆಗೆಯುತ್ತಿದ್ದರು.

ಕಾರು ಓಡಿಸಿ, ಗಕ್ಕನೆ ನಿಲ್ಲಿಸಿ ನೋಡಿ ಬಂದರು. "ನನಗಿಂತ ಚೆನ್ನಾಗಿ ಮಾಡಿದೀಯ. ಒಬ್ಳೇ ಹೇಗ್ ಮಾಡ್ದೆ?"

ನನ್ನ ಎದೆಯುಬ್ಬಿತು.

"ಸೀಟ್ ಯಾಕೆ ಅಷ್ಟು ಹಿಂದಕ್ಕೆ ತಳ್ಳಿದ್ದೆ? ನನ್ ಕಾಲೇ ಎಟುಕ್ಲಿಲ್ಲ."

ಆ ಬ್ರೇಕ್ ನನ್ನ ಕೈಕೆಲಸವೆಂದು ಇಂದಿಗೂ ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಸೀಟನ್ನು ನಾನು ಮುಟ್ಟಿರಲಿಲ್ಲ.