ಶಿಮಾ ಮಂಟಪದ ಅತಿಥಿ

ಹೆಣ ಕುಳಿತೇ ಇತ್ತು.

ಶಿಮಾ ಊರಿನ ಬಡಗಣ ಹೆಬ್ಬಾಗಿಲು ದಾಟಿ, ಬೆಟ್ಟದ ದಾರಿ ಏರತೊಡಗುವ ಕಡೆ ಒಂದು ಹಳೆಯ ಮಂಟಪವಿದೆ. ನಾಲ್ಕು ಕಂಬ, ಮೇಲೆ ಹೆಂಚು. ಗೋಡೆ ಒಂದೂ ಇಲ್ಲ. ಹಿಂದೆ ಚಹಾ ಹೊತ್ತ ಹೇಸರಗತ್ತೆಗಳು ಇಲ್ಲಿ ದಣಿವಾರಿಸಿಕೊಳ್ಳುತ್ತಿದ್ದವು. ಈಗ ಬೆನ್ನಿಗೆ ಚೀಲ ಹೊತ್ತ ಹುಡುಗರು ಕೂತು ಫೋಟೊ ತೆಗೆದುಕೊಳ್ಳುತ್ತಾರೆ. ಅವರು ತಮ್ಮನ್ನು ತಾವೇ ಕತ್ತೆಗಳು ಎಂದು ಕರೆದುಕೊಳ್ಳುವುದರಿಂದ ಊರಿನವರಿಗೂ ಹಾಗೆ ಕರೆಯಲು ಸಂಕೋಚವಿಲ್ಲ.

ಸೌದೆಗೆ ಹೊರಟ ಹೆಂಗಸರು ಮೊದಲು ಕಂಡದ್ದು. ಕಂಬಕ್ಕೆ ಒರಗಿದ ಯುವಕ, ಪಕ್ಕದಲ್ಲಿ ದೊಡ್ಡ ಚೀಲ, ಕಾಲ ಬಳಿ ಜೋಳದ ಸಾರಾಯಿಯ ಬಾಟಲಿ. ಅವರು ಕೂಗಿ ಕರೆದರು. ಹತ್ತಿರ ಹೋಗಿ ನೋಡಿ ಇನ್ನೂ ಜೋರಾಗಿ ಕೂಗಿದರು.

ಸಬ್ ಇನ್‌ಸ್ಪೆಕ್ಟರ್ ಮು ರೊಂಗ್ ಬಂದಾಗ ಊರಿನ ಡಾಕ್ಟರ್ ಹೆ ಆಗಲೇ ನೋಡಿ ಮುಗಿಸಿದ್ದರು.

"ಕುಡಿದಿದ್ದಾನೆ. ಕೂತಿದ್ದಾನೆ. ಚಳಿ ತಗೊಂಡು ಹೋಗಿದೆ. ಬರ್ಕೊಳಮ್ಮ," ಎಂದರು ಡಾಕ್ಟರು.

ರೊಂಗ್ ಬರೆದುಕೊಳ್ಳಲಿಲ್ಲ. ಅವಳು ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು. ನಾಲಿಗೆ ಸ್ವಲ್ಪ ಉದ್ದ, ಸಹನೆ ಸ್ವಲ್ಪ ಗಿಡ್ಡ. ಮೊಣಕಾಲೂರಿ ಹೆಣದ ಕಾಲು ನೋಡಿದಳು. ಬಲಗಾಲಿಗೆ ಬೂಟು. ದಾರ ಬಿಗಿಯಾಗಿ ಕಟ್ಟಿದೆ. ಒಳಗೆ ಕಾಲುಚೀಲ ಇಲ್ಲ. ಎಡಗಾಲಿನ ಬೂಟು ಪಕ್ಕದಲ್ಲಿ ಬಿದ್ದಿದೆ. ಆ ಕಾಲಿಗೆ ಉಣ್ಣೆಯ ಕಾಲುಚೀಲ, ಹಿಮ್ಮಡಿಯ ತನಕ ಬಂದು ನಿಂತಿದೆ.

"ಚಳಿ ಮೈಗೇರಿದವರು ಹಾಕಿದ್ದನ್ನೆಲ್ಲ ಕಿತ್ತೆಸೀತಾರೆ," ಎಂದರು ಡಾಕ್ಟರು.

"ಇವನು ಕಿತ್ತೆಸೆದಿಲ್ಲ ಡಾಕ್ಟ್ರೇ. ಹಾಕ್ಕೊಳ್ತಾ ಇದ್ದ."

"ಎರಡಕ್ಕೂ ಏನು ವ್ಯತ್ಯಾಸ? ಸತ್ತಿದ್ದಾನಲ್ಲ."

"ಮುಖ ಯಾಕೆ ಇಷ್ಟು ಕೆಂಪಗಿದೆ?"

"ಚಳಿಗೂ ಹಾಗಾಗುತ್ತೆ."

"ಇನ್ನೇತಕ್ಕೆ ಆಗುತ್ತೆ?"

ಡಾಕ್ಟರು ಕೈಗವಸು ಬಿಚ್ಚಿದರು. ರೊಂಗ್ ರಕ್ತದ ಪರೀಕ್ಷೆಗೆ ಹೇಳಿಕಳಿಸಿದಳು. ಜಿಲ್ಲೆಯ ಪೊಲೀಸ್ ಸಾಹೇಬರಿಗೆ ಅಷ್ಟರಲ್ಲೇ ಸುದ್ದಿ ಮುಟ್ಟಿತ್ತು. ಫೋನು ಬಂತು.

"ಹೊಸವರ್ಷದ ರಜೆ ಬರ್ತಾ ಇದೆ. ಪ್ರವಾಸಿಗಳು ಬರೋ ಕಾಲ. ಕುಡುಕ ಕತ್ತೆಯೊಂದು ಸತ್ತಿದ್ದಕ್ಕೆ ಇಡೀ ಊರಿಗೆ ಸೂತಕ ತರಬೇಡ ರೊಂಗ್."

"ಹುಡುಗನ ಹೆಸರು ಲುವೋ ಲಿಯಾಂಗ್, ಸಾರ್. ಹುನಾನ್ ಪ್ರಾಂತ್ಯದ ಕಡೆಯವನು," ಎಂದಳು ರೊಂಗ್.

\* \* \*

ಲುವೋ ಒಬ್ಬನೇ ಬಂದಿರಲಿಲ್ಲ. ಟಾನ್ ಕೈ ಎಂಬ ಗೆಳೆಯ ಜೊತೆಗಿದ್ದ. ಸಾಮಾನ್ಯ ರೈಲು, ಬಸ್ಸು, ಸಿಕ್ಕಿದ ಲಾರಿ, ಕೊನೆಗೆ ಕಾಲ್ನಡಿಗೆ. ಹೀಗೆ ನೆಲದ ಮೇಲೇ ದೇಶ ದಾಟಿಕೊಂಡು ಬಂದಿದ್ದರು. ಹಿಂದಿನ ಸಂಜೆ ಇಬ್ಬರೂ ಚೌಕದಲ್ಲಿ ಕೂಗಾಡಿದ್ದನ್ನು ಅರ್ಧ ಊರು ಕೇಳಿತ್ತು.

ಟಾನ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ರೊಂಗ್ ಹತ್ತಿರ ಬರುತ್ತಿದ್ದಂತೆ ಅವನ ಕೈ ಎದೆಯ ಮೇಲಿನ ಕ್ಯಾಮೆರಾ ಮುಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ.

"ಯಾರದಪ್ಪ ಕ್ಯಾಮೆರಾ?"

"ಲುವೋದು. ಅವನೇ ಕೊಟ್ಟ. ಅಪ್ಪನಿಗೆ ಫೋಟೊ ತೋರ್ಸು ಅಂತ. ಯಾಕೆ ಮೇಡಮ್?"

ಯಾಕೆ ಎಂದು ಅವಳು ಹೇಳಿದಳು. ಟಾನ್ ನೆಲದ ಮೇಲೆ ಕುಸಿದು ಕೂತ. ನಾಟಕವೇ ಇರಬಹುದೆಂದು ರೊಂಗ್ ಕಾದಳು. ನಾಟಕದವರಿಗೆ ಮೂಗು ಸೋರುವುದಿಲ್ಲ.

"ಜಗಳ ಯಾಕೆ?"

"ನನಗೆ ಸಾಕಾಗಿತ್ತು. ಮನೆಗೆ ಹೋಗೋಣ ಅಂದೆ. ಅವನು ಬೆಟ್ಟ ದಾಟಲೇಬೇಕು ಅಂದ. ಹೋಗಿ ಸಾಯಿ ಅಂದುಬಿಟ್ಟೆ ಮೇಡಮ್. ಹಾಗೇ ಅಂದೆ."

"ಆಮೇಲೆ ಇಬ್ಬರೂ ಕುಡಿದ್ರಿ."

"ಅವನಾ? ಒಂದು ಗುಟುಕು ಬಿಯರಿಗೆ ಮೈಯೆಲ್ಲ ದದ್ದು ಏಳ್ತಿತ್ತು. ಮುಟ್ತಿರಲಿಲ್ಲ."

"ಕಾಲುಚೀಲ ಇಲ್ದೆ ಬೂಟು ಹಾಕ್ಕೊಳ್ತಿದ್ನಾ?"

ಟಾನ್ ಅವಳನ್ನು ಹುಚ್ಚಿಯನ್ನು ನೋಡಿದಂತೆ ನೋಡಿದ. "ಹಿಮ್ಮಡಿ ತುಂಬ ಬೊಬ್ಬೆ ಎದ್ದಿತ್ತು. ಒಂದರ ಮೇಲೊಂದು ಎರಡು ಜೊತೆ ಹಾಕ್ಕೊಳ್ದೆ ಹೆಜ್ಜೆ ಇಡ್ತಿರಲಿಲ್ಲ."

ಆ ರಾತ್ರಿ ಟಾನ್ ಉಳಿದದ್ದು ಬಸ್‌ಸ್ಟ್ಯಾಂಡಿನ ಪಕ್ಕದ ಹಾಸ್ಟೆಲಿನಲ್ಲಿ. ಅವನ ಕೋಣೆಯವರೆಲ್ಲ ಅವನೊಡನೆ ಇಸ್ಪೀಟಾಡಿ ಅಲ್ಲೇ ಒಟ್ಟಿಗೆ ಮಲಗಿದ್ದರು. ಅವನು ಹೊರಗೆ ಹೆಜ್ಜೆಯಿಟ್ಟಿರಲಿಲ್ಲ.

ಮರುದಿನ ರಕ್ತದ ವರದಿ ಬಂತು. ಸಾರಾಯಿ ತೊಟ್ಟೂ ಇಲ್ಲ. ಕೆಂಡದ ಹೊಗೆಯ ವಿಷ ಮೈತುಂಬ ಇದೆ. ಆದರೆ ಕೊಂದದ್ದು ಹೊಗೆಯಲ್ಲ, ಚಳಿ.

"ಸರಿಹೋಯ್ತಲ್ಲ," ಎಂದರು ಸಾಹೇಬರು ಫೋನಿನಲ್ಲಿ. "ಮಂಟಪದಲ್ಲಿ ಬೆಂಕಿ ಹಾಕ್ಕೊಂಡಿದ್ದಾನೆ."

"ಗೋಡೆಯೇ ಇಲ್ಲದ ಕಡೆ ಹೊಗೆ ಎಲ್ಲಿ ನಿಲ್ಲುತ್ತೆ ಸಾರ್? ಅಲ್ಲಿ ಹಿಡಿ ಬೂದಿಯೂ ಇರಲಿಲ್ಲ."

\* \* \*

ಲುವೋ ತಂಗಿದ್ದು ಫೆಂಗ್ ಅಕ್ಕನ ಮನೆಯಲ್ಲಿ. ಊರಿನ ಹಳೆಯ ಮನೆಗಳಲ್ಲಿ ಒಂದು. ಅಟ್ಟದ ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಿದ್ದಳು. ಬಾಗಿಲ ತುಂಬ ಶುಭದ ಕೆಂಪು ಕಾಗದ. ಹೊಸವರ್ಷ ಕಳೆದ ಕೂಡಲೇ ಮಗಳ ಮದುವೆ ಇತ್ತು.

ರೊಂಗ್‌ಗೆ ಆ ಹೊಸಿಲು ದಾಟುವುದು ಕಷ್ಟವಾಯಿತು. ತಾಯಿ ಇಲ್ಲದ ತನಗೆ ಬಟ್ಟಲು ತುಂಬ ಅನ್ನ ಹಾಕಿ ಬೆಳೆಸಿದ ಕೈ ಫೆಂಗ್ ಅಕ್ಕನದು. ಉಂಡ ಮನೆಯ ಜಂತೆ ಎಣಿಸುವ ಕೆಲಸ ಇದು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದರೂ ಎಣಿಸಿದಳು.

"ನಸುಕಲ್ಲೇ ಎದ್ದು ಹೊರಟ ಕಣೇ," ಎಂದಳು ಫೆಂಗ್ ಅಕ್ಕ. "ಬಿಸಿ ಶಾವಿಗೆ ತಿಂದು ಹೋಗಪ್ಪ ಅಂದೆ. ಗಬಗಬ ತಿಂದ. ನಗ್ತಾ ನಗ್ತಾ ಹೋದ, ಪಾಪ."

"ಕೋಣೇಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ಯಾ ಅಕ್ಕ?"

"ಅಯ್ಯೋ, ಕರೆಂಟಿನ ಕಂಬಳಿ ಇರುವಾಗ ಕೆಂಡ ಯಾಕೆ?"

ರೊಂಗ್ ಬೀದಿಗಿಳಿದಳು. ಲೆಕ್ಕ ಸರಳವಾಗಿತ್ತು. ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿದವನನ್ನು ಯಾರೋ ಹೊತ್ತು ತಂದಿದ್ದಾರೆ. ಅವಸರದಲ್ಲಿ ಬರಿಗಾಲಿಗೆ ಬೂಟು ತುರುಕಿದ್ದಾರೆ. ಯಾವ ಮನೆಯಿಂದ? ಅವಳು ಮನೆಮನೆಗೆ ಹೋಗಿ ಕೇಳಿದಳು. "ಆ ನಸುಕಿನಲ್ಲಿ ಯಾರಾದರೂ ಹೆಣ ಹೊತ್ತು ಹೋಗೋದು ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಫೆಂಗ್ ಅಕ್ಕನ ಎದುರುಮನೆಯ ದೋಂಗ್ ಅಜ್ಜಿ ನಿದ್ದೆ ಬಾರದೆ ಸದಾ ಕಿಟಕಿಯಲ್ಲಿ ಕೂರುವವಳು. ಅವಳಂತೂ ಸಿಡುಕಿದಳು.

"ಹೆಣ ಗಿಣ ಅಂತ ಬೆಳಗ್ಗೆ ಬೆಳಗ್ಗೆ ನನ್ನ ಬಾಗಿಲಿಗೆ ಬರಬೇಡ. ಹೆಣ ನೋಡಿದ್ರೆ ಪ್ರೇತ ಒಳಗೆ ಬರದ ಹಾಗೆ ಕಿಟಕಿ ಮುಚ್ಚಿ ಬಟ್ಟಲು ಒಡೀತಿರಲಿಲ್ವಾ ನಾನು? ಯಾವ ಹೆಣವೂ ಹೋಗಿಲ್ಲ."

ಅಜ್ಜಿ ಸುಳ್ಳು ಹೇಳುವವಳಲ್ಲ. ರೊಂಗ್ ತಲೆ ಕೆರೆದುಕೊಂಡು ವಾಪಸಾದಳು.

\* \* \*

ಲುವೋನ ತಂದೆ ರೈಲಿಳಿದು ಎರಡು ಬಸ್ಸು ಬದಲಿಸಿ ಬಂದ. ತೆಳ್ಳಗಿನ ಮನುಷ್ಯ, ಗಾರೆ ಕೆಲಸದವನು. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟಿತ್ತು. ಮಗನನ್ನು ನೋಡಿದ. ಅಳಲಿಲ್ಲ.

"ಕುಡಿದು ಸತ್ತ ಅಂತ ಫೋನಿನಲ್ಲಿ ಹೇಳಿದ್ರು. ನೆಂಟರಿಗೆಲ್ಲ ಅದೇ ಗೊತ್ತಾಗಿದೆ. ಅವನ ಅಮ್ಮ ಬಾಗಿಲು ಹಾಕ್ಕೊಂಡು ಕೂತಿದ್ದಾಳೆ. ಮೇಡಮ್, ನನಗೆ ಯಾರಿಗೂ ಶಿಕ್ಷೆ ಆಗೋದು ಬೇಡ. ಏನಾಯ್ತು ಅಂತ ಹೇಳಿ, ಸಾಕು."

"ಕುಡಿದಿರಲಿಲ್ಲ. ಅಷ್ಟು ಈಗಲೇ ಹೇಳ್ತೀನಿ. ಉಳಿದಿದ್ದು ನಾಳೆ."

ಆತನನ್ನು ಫೆಂಗ್ ಅಕ್ಕ ತಾನೇ ಕರೆದುಕೊಂಡು ಹೋದಳು. ಕೋಣೆ ಕೊಟ್ಟಳು, ಊಟ ಕೊಟ್ಟಳು, ಒಂದು ಕಾಸೂ ಬೇಡವೆಂದಳು. ಎಂಥ ತಾಯಿ ಮನಸ್ಸು ಎಂದು ಬೀದಿಯೆಲ್ಲ ಹೊಗಳಿತು.

ಅಂದು ರಾತ್ರಿ ಹಾಸಿಗೆಯಲ್ಲಿ ಕರೆಂಟಿನ ಕಂಬಳಿಯ ಗುಂಡಿ ಒತ್ತಿದಾಗ ರೊಂಗ್‌ಗೆ ನೆನಪಾಯಿತು. ಲುವೋ ಸತ್ತ ಆ ರಾತ್ರಿ ಇದೇ ಗುಂಡಿ ಒತ್ತಿ ಶಾಪ ಹಾಕಿದ್ದಳು. ಹಿಮಕ್ಕೆ ತಂತಿ ಹರಿದು ಇಡೀ ಶಿಮಾಕ್ಕೆ ಕರೆಂಟಿರಲಿಲ್ಲ. ಆ ಚಳಿಯಲ್ಲಿ ಫೆಂಗ್ ಅಕ್ಕ ಅತಿಥಿಯನ್ನು ಬರಿಯ ಕಂಬಳಿಯಲ್ಲಿ ಮಲಗಿಸುವವಳೇ ಅಲ್ಲ.

\* \* \*

ಮಾರನೆಯ ಮಧ್ಯಾಹ್ನ ರೊಂಗ್ ಹೋದಾಗ ಅಂಗಳದಲ್ಲಿ ಲುವೋನ ತಂದೆ ಊಟಕ್ಕೆ ಕೂತಿದ್ದ. ಫೆಂಗ್ ಅಕ್ಕ ಒತ್ತಾಯ ಮಾಡಿ ಬಡಿಸುತ್ತಿದ್ದಳು. ಅವಳ ಗಂಡ ಮೂಲೆಯಲ್ಲಿ ಸಿಗರೇಟು ಸೇದುತ್ತಿದ್ದ. ರೊಂಗ್ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ದೋಂಗ್ ಅಜ್ಜಿ ಕಾಣಿಸಿಕೊಂಡಳು. ಕೈಯಲ್ಲಿ ಬಟ್ಟೆಗಂಟು.

"ಫೆಂಗ್, ಮೊಟ್ಟೆ ತಂದಿದೀನಿ. ಕಾಯಿಲೆಯವರಿಗೆ ಬೇಯಿಸಿ ಕೊಡು. ಯಾರಿಗೇ ಹುಷಾರಿಲ್ಲದ್ದು, ನಿಮ್ಮ ಮಾವನಿಗಾ? ವಾಸಿಯಾಯ್ತಾ?"

ಫೆಂಗ್ ಅಕ್ಕನ ಗಂಡ ಸಿಗರೇಟು ಹೊಸಕಿ ಹಾಕಿದ.

"ಯಾವ ಕಾಯಿಲೆಯವರು ಅಜ್ಜಿ?" ಎಂದಳು ರೊಂಗ್.

"ಮೊನ್ನೆ ನಸುಕಲ್ಲಿ ಗಂಡ ಹೆಂಡತಿ ರಜಾಯಿಯಲ್ಲಿ ಹೊತ್ಕೊಂಡು ಡಾಕ್ಟರ ಕಡೆ ಹೋದ್ರಲ್ಲ."

"ನಾನು ಕೇಳಿದಾಗ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದು ಹೆಣ. ನಾನು ನೋಡಿದ್ದು ರೋಗಿ."

ಫೆಂಗ್ ಅಕ್ಕನ ಕೈಯಿಂದ ಸೌಟು ಬಿತ್ತು. ಅವಳು ರೊಂಗ್‌ಳ ಕಾಲ ಬಳಿ ಕುಕ್ಕರಿಸಿದಳು.

"ಸತ್ತುಹೋಗಿದ್ದ ಕಣೇ! ಚಳಿ ಅಂದ, ನಾನೇ ಅಗ್ಗಿಷ್ಟಿಕೆ ಕೊಟ್ಟೆ. ಕಿಟಕಿ ಮುಚ್ಕೊಂಡು ಮಲಗಿದ್ದ. ಎಬ್ಬಿಸೋಕೆ ಹೋದ್ರೆ ಸತ್ತುಹೋಗಿದ್ದ. ಮದುವೆ ಮನೆ. ಪರದೇಶಿ ಹೆಣ ಬಿದ್ದ ಮನೆಗೆ ಬೀಗರು ಬರ್ತಾರಾ? ಹೆಣವನ್ನು ಹೊರಗಿಟ್ಟು ಬಂದ್ವಿ, ಅಷ್ಟೇ. ಕೊಂದಿಲ್ಲ ನಾವು."

ಗಂಡನೂ ತಲೆಯಾಡಿಸಿದ. ಸತ್ತಿದ್ದಾನೆಂದು ನಂಬಿ ಹೊರಗಿಟ್ಟರೆ ಅದು ತಪ್ಪು. ಉಸಿರಿದೆ ಎಂದು ತಿಳಿದೂ ಹಿಮದಲ್ಲಿ ಇಟ್ಟರೆ ಅದು ಕೊಲೆ. ಈ ಎರಡರ ನಡುವೆ ರೊಂಗ್ ಒಂದು ಕ್ಷಣ ನಿಂತಳು. ತಾನು ಉಂಡ ಬಟ್ಟಲುಗಳೆಲ್ಲ ಗೂಡಿನಲ್ಲಿ ಸಾಲಾಗಿದ್ದವು. ಸುಮ್ಮನಿದ್ದುಬಿಡಬಹುದಿತ್ತು. ಲುವೋನ ತಂದೆ ಊಟದ ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟ.

"ಅಜ್ಜಿ, ರೋಗಿ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಒಳ್ಳೆ ಪೊಲೀಸು ನೀನು! ತಲೆ ಮುಂದಿತ್ತು ಕಣೇ. ಹೆಣವನ್ನ ಯಾರಾದ್ರೂ ತಲೆ ಮುಂದೆ ಮಾಡಿ ಹೊಸಿಲು ದಾಟಿಸ್ತಾರಾ? ಸತ್ತವರದು ಕಾಲು ಮುಂದೆ, ಬದುಕಿರೋರದು ತಲೆ ಮುಂದೆ. ಪಾಪ, ಡಾಕ್ಟರ ಹತ್ರ ಹೋಗ್ತಿದ್ದಾರೆ, ಉಳ್ಕೊಳ್ತಾರೆ ಅಂತ ನಾನು ಹೋಗಿ ಮಲಗಿದೆ."

ರೊಂಗ್ ಫೆಂಗ್ ಅಕ್ಕನ ಎದುರು ಕೂತಳು. ದನಿ ಏರಿಸಲಿಲ್ಲ.

"ನಿಮ್ಮ ಅತ್ತೆ ಹೋದಾಗ ನಾನೂ ಹೆಗಲು ಕೊಟ್ಟಿದ್ದೆ ಅಕ್ಕ. ಈ ಹೊಸಿಲ ಹತ್ರ ನೀನೇ ಕೂಗಿ ತಿರುಗಿಸಿದೆ, ಕಾಲು ಮುಂದೆ, ಕಾಲು ಮುಂದೆ ಅಂತ. ಹೆಣದ ತಲೆ ಮುಂದಾದ್ರೆ ಅದು ಮನೆ ಕಡೆ ತಿರುಗಿ ಬರುತ್ತೆ ಅಂದಿದ್ದೆ. ಪ್ರೇತಕ್ಕೆ ಅಷ್ಟು ಹೆದರೋಳು, ಮದುವೆ ಮನೆಯಿಂದ ಹೆಣವನ್ನ ತಲೆ ಮುಂದೆ ಮಾಡಿ ಕಳಿಸ್ತೀಯಾ? ಸಾಧ್ಯವೇ ಇಲ್ಲ. ಉಸಿರಿತ್ತು. ನಿಮಗಿಬ್ಬರಿಗೂ ಗೊತ್ತಿತ್ತು. ಬದುಕಿರೋನ ಕಾಲು ಮುಂದೆ ಮಾಡೋಕೆ ನಿನ್ನ ಕೈ ಬರಲಿಲ್ಲ. ಅಷ್ಟು ಧರ್ಮ ಇತ್ತು ನಿನ್ನಲ್ಲಿ. ಬೂಟು ಹಾಕಿದೆ. ಅವಸರಕ್ಕೆ ಕಾಲುಚೀಲ ಮರೆತೆ, ಆಮೇಲೆ ಅವನ್ನ ಚೀಲಕ್ಕೆ ತುರುಕಿದೆ. ಡಾಕ್ಟರ ಬಾಗಿಲ ಮುಂದೆಯೇ ಹೊತ್ಕೊಂಡು ದಾಟಿದೆ. ಸಾರಾಯಿ ಬಾಟಲಿ ಇಟ್ಟೆ. ಮಂಟಪದ ಒಳ್ಳೆ ಗಾಳಿಗೆ ಹೊಗೆಯ ಮಂಪರು ಇಳೀತು. ಹುಡುಗನಿಗೆ ಎಚ್ಚರ ಆಯ್ತು. ಕಾಲು ಮರಗಟ್ತಾ ಇತ್ತು. ಎಡಗಾಲಿನ ಬೂಟು ಬಿಚ್ಚಿ ಚೀಲದಿಂದ ಕಾಲುಚೀಲ ತೆಗೆದ. ಆ ಕಾಲಿಗೆ ಅರ್ಧ ಹಾಕ್ಕೊಂಡ. ಅಲ್ಲಿಗೆ ಚಳಿ ಗೆದ್ದಿತು."

"ಡಾಕ್ಟರ ಮನೇಲಿ ಸತ್ತಿದ್ರೆ ಎಲ್ಲಿಂದ ತಂದ್ರಿ ಅಂತ ಕೇಳ್ತಿರಲಿಲ್ವೇನೇ?" ಎಂದಳು ಫೆಂಗ್ ಅಕ್ಕ. "ನಿನಗೂ ಮಗಳಿದ್ದಿದ್ರೆ ಗೊತ್ತಾಗ್ತಿತ್ತು."

ರೊಂಗ್ ಅವಳ ಎರಡೂ ಕೈಗೆ ಬೇಡಿ ಹಾಕಿ, ಗಂಡನನ್ನೂ ಎಬ್ಬಿಸಿದಳು. ಲುವೋನ ತಂದೆ ಎದ್ದು ಬಚ್ಚಲ ಕಡೆ ಹೋಗಿ ಉಂಡದ್ದನ್ನೆಲ್ಲ ಕಕ್ಕಿದ.

\* \* \*

ಮದುವೆ ಮುರಿಯಿತು. ಊರು ಸಿಟ್ಟಾಯಿತು, ಫೆಂಗ್ ಅಕ್ಕನ ಮೇಲಲ್ಲ. ಶಾವಿಗೆಯ ಅಂಗಡಿಯವನು ಹಬೆಯಾಡುವ ಹಂಡೆಯ ಮುಂದೆ ನಿಂತೇ ರೊಂಗ್‌ಗೆ, ಶಾವಿಗೆ ಮುಗೀತು ಎಂದ. ಕಂಡಕಂಡ ಕತ್ತೆಗೋಸ್ಕರ ಅನ್ನ ಹಾಕಿದವಳನ್ನು ಹಿಡಿದುಕೊಟ್ಟಳು ಎಂದು ಬೆನ್ನ ಹಿಂದೆ ಆಡಿಕೊಂಡರು. ಅವಳಿಗೆ ನೋವಾಯಿತು. ತೋರಿಸಿಕೊಳ್ಳಲಿಲ್ಲ.

ಲುವೋನ ತಂದೆ ಹೊರಡುವ ದಿನ ಮಂಟಪ ನೋಡಬೇಕೆಂದ. ಮಗನ ಚೀಲವನ್ನು ಬೆನ್ನಿಗೆ ಹಾಕಿಕೊಂಡಿದ್ದ, ಬೂದಿಯ ಪೆಟ್ಟಿಗೆಯನ್ನು ಎದೆಗೆ ಕಟ್ಟಿಕೊಂಡಿದ್ದ. ಕಂಬದ ಬಳಿ ಬಹಳ ಹೊತ್ತು ನಿಂತ. ಆಮೇಲೆ ಹೆಬ್ಬಾಗಿಲ ಕಡೆ ತಿರುಗಿದ. ಬಾಗಿಲಿನ ಆಚೀಚೆ ಮನೆಗಳು ಅಲ್ಲಿಂದ ಚೆನ್ನಾಗಿ ಕಾಣುತ್ತಿದ್ದವು. ಒಂದು ಮನೆಯಲ್ಲಿ ಮಗು ಅಳುವುದೂ ಕೇಳುತ್ತಿತ್ತು.

"ಅವನಿಗೆ ಎಚ್ಚರ ಆಗಿತ್ತು ಅಂದ್ರಲ್ಲ ಮೇಡಮ್?"

"ಆಗಿತ್ತು."

"ಹಾಗಾದ್ರೆ ಕೂಗಿರ್ತಾನೆ."

ರೊಂಗ್ ಆ ಮನೆಗಳ ಕಡೆ ನೋಡಿದಳು. ಕೂಗು ಕೇಳಿಸಿತೇ ಎಂದು ಅವಳು ಯಾರನ್ನೂ ಕೇಳಿರಲಿಲ್ಲ.

ಆತನನ್ನು ಬಸ್ಸು ಹತ್ತಿಸಿ ಅವಳು ಹೆಬ್ಬಾಗಿಲಿಗೆ ಮರಳಿದಳು. ಮೊದಲನೆಯ ಮನೆಯ ಮುಂದೆ ನಿಂತಳು. ಒಳಗೆ ನಾಲ್ಕಾರು ಜನ ನಗುತ್ತ ಮಾತಾಡುತ್ತಿದ್ದರು. ಅವಳು ಬಾಗಿಲು ಬಡಿದಳು. ಒಳಗಿನ ಮಾತು ನಿಂತಿತು.