ತಲೆ ಎತ್ತದ ಸಭೆ

ಟಿಕ್.

ಹಲ್ಲಿ ಲೊಚಗುಟ್ಟಿತೆಂದು ಸಿಂಚನಾ ಹೊಂಬಳ ಗೋಡೆಯತ್ತ ನೋಡಿದಳು. ನಡುರಾತ್ರಿ ಕಳೆದಿತ್ತು. ಬ್ಯಾಡಗಿಯ ಆ ವಸತಿಗೃಹದ ಗೋಡೆಯ ಮೇಲೆ ಹಲ್ಲಿ ಇರಲಿಲ್ಲ. ಸದ್ದು ಬಂದದ್ದು ಮಂಚದ ಎದುರಿಗೆ ಒರಗಿಸಿಟ್ಟಿದ್ದ ಪರದೆಯಿಂದ. ನಾಳೆ ಬೆಳಿಗ್ಗೆ ತೋರಿಸಬೇಕಾದ ಸ್ಲೈಡಿನಿಂದ ಅದು ಒಂದು ಸಾಲನ್ನು ತಾನಾಗಿಯೇ ಅಳಿಸಿಹಾಕಿತ್ತು: ‘ಮೆಣಸಿನಕಾಯಿಯ ಬಣ್ಣದ ಮೇಲೆ ಆಗುವ ಪರಿಣಾಮದ ಪರೀಕ್ಷೆ ಇನ್ನೂ ಮುಗಿದಿಲ್ಲ.’

ಅವಳು ಆ ಸಾಲನ್ನು ಮತ್ತೆ ಬರೆದು, ಹಿಂದೆ ಸರಿದು ಕುಳಿತು ಓದಿದಳು. ಟಿಕ್. ಸಾಲು ಮತ್ತೆ ಮಾಯವಾಯಿತು. ಸಿಂಚನಾ ಹಣೆ ಮುಟ್ಟಿ ನೋಡಿಕೊಂಡಳು. ಆ ಸಾಲು ಓದುವಾಗಲೆಲ್ಲ ಹಣೆ ಗಂಟಿಕ್ಕುತ್ತಿತ್ತು. ಪರದೆ ಅದನ್ನು ಕಂಡಿತ್ತು, ಅಷ್ಟೆ.

ಯಂತ್ರದ ಹೆಸರು ತಿಳಿಪರದೆ. ಹನ್ನೆರಡು ವರ್ಷ ಹಿಡಿದು ಅವಳು ಕಟ್ಟಿದ್ದು. ಪರದೆಯ ಮೇಲಂಚಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಮಸೂರವೊಂದಿದೆ. ಕೇಳುಗರ ಮುಖ ನೋಡುವುದೇ ಅದರ ಕೆಲಸ. ಮನಸ್ಸು ಯಾವುದಾದರೊಂದು ವಿಷಯದೊಡನೆ ಗುದ್ದಾಡುವಾಗ ಕಣ್ಣಿನ ಪಾಪೆ ಹಿಗ್ಗುತ್ತದೆ. ಬೇಸರವಾದಾಗ ರೆಪ್ಪೆ ಬಡಿಯುವ ಲಯ ಬದಲಾಗುತ್ತದೆ. ನೋಟ ಕಿಟಕಿಯತ್ತ ಜಾರುತ್ತದೆ. ಇವನ್ನೆಲ್ಲ ಕೂಡಿಸಿ ಪರದೆ ನೂರಕ್ಕೆ ಇಷ್ಟೆಂದು ಒಂದು ಅಂಕ ಕೊಡುತ್ತದೆ. ಅದಕ್ಕೆ ತಿಳಿಮಟ್ಟ ಎಂದು ಹೆಸರು. ತಿಳಿಮಟ್ಟ ಇಳಿಯಿತೋ, ಸ್ಲೈಡು ನಿಂತ ನಿಲುವಿನಲ್ಲೇ ತನ್ನನ್ನು ತಿದ್ದಿಕೊಳ್ಳುತ್ತದೆ. ಉದ್ದನೆಯ ವಾಕ್ಯ ತುಂಡಾಗುತ್ತದೆ. ಅಂಕಿಗಳ ಕೋಷ್ಟಕ ಚಿತ್ರವಾಗುತ್ತದೆ. ಎರಡು ವಿಷಯ ಹೊತ್ತ ಸ್ಲೈಡು ಎರಡಾಗುತ್ತದೆ. ಯಾರ ಗಮನಕ್ಕೂ ಒಗ್ಗದ ಸಾಲು ಬಿದ್ದುಹೋಗುತ್ತದೆ.

ಈಗ ಐವತ್ತೆಂಟು ದಾಟಿದ ಸಿಂಚನಾ ಕಾಲೇಜು ಓದುವಾಗ, ಮೇಷ್ಟ್ರುಗಳು ಒಂದಿಡೀ ಪುಟವನ್ನು ಇರುವೆ ಸಾಲಿನಂಥ ಅಕ್ಷರಗಳಲ್ಲಿ ಸ್ಲೈಡಿಗೆ ತುಂಬಿ, ತರಗತಿಗೆ ಬೆನ್ನು ಹಾಕಿ ಅದನ್ನೇ ಓದುತ್ತಿದ್ದರು. ಓದುವುದೋ ಕೇಳುವುದೋ ತಿಳಿಯದೆ ಮೂರನೆಯ ಬೆಂಚಿನಲ್ಲಿ ಕುಳಿತ ಹುಡುಗಿ ಎರಡನ್ನೂ ಕಳೆದುಕೊಳ್ಳುತ್ತಿದ್ದಳು. ತಿಳಿಪರದೆ ಬಂದಮೇಲೆ ಆ ಕಷ್ಟ ಯಾರಿಗೂ ಇರಲಿಲ್ಲ. ಗದಗಿನ ಆಸ್ಪತ್ರೆಯೊಂದರಲ್ಲಿ ಮೊಮ್ಮಗನ ಹೃದಯದ ಕವಾಟ ರಿಪೇರಿ ಮಾಡುವುದು ಹೇಗೆಂದು ಪರದೆಯಲ್ಲಿ ನೋಡಿದ ಅಜ್ಜಿಯೊಬ್ಬಳು, ಮನೆಗೆ ಹೋಗಿ ಅದನ್ನೇ ನೆರೆಯವರಿಗೆ ರಂಗೋಲಿಯಲ್ಲಿ ಬಿಡಿಸಿ ತೋರಿಸಿದಳಂತೆ. ಆ ಸುದ್ದಿ ಕೇಳಿದ ದಿನ ಸಿಂಚನಾ ಪ್ರಯೋಗಶಾಲೆಯವರಿಗೆಲ್ಲ ಪೇಢೆ ಹಂಚಿದ್ದಳು.

ಉಳಿದದ್ದು ಒಂದೇ ಪರೀಕ್ಷೆ. ನಾಳೆಯ ಸಭೆಯಲ್ಲಿ ತಿಳಿಮಟ್ಟ ತೊಂಬತ್ತು ದಾಟಿದರೆ, ರಾಜ್ಯದ ಎಲ್ಲ ಸಹಕಾರ ಸಂಘಗಳ ಸಭೆಗಳಿಗೂ ತಿಳಿಪರದೆ ಹೋಗುತ್ತದೆ. ದಾಟದಿದ್ದರೆ ಅದು ಕೆಲವು ಆಸ್ಪತ್ರೆ, ಶಾಲೆಗಳಲ್ಲೇ ಉಳಿದು, ಅವಳು ನಿವೃತ್ತಳಾದ ಮೇಲೆ ಮೂಲೆ ಸೇರುತ್ತದೆ. ಅಂಕ ನೇರವಾಗಿ, ಒಪ್ಪಿಗೆ ಕೊಡಬೇಕಾದ ರಾಜಧಾನಿಯ ಸಮಿತಿಗೆ ಹೋಗುತ್ತಿತ್ತು. ಮಾತಾಡಿ ಒಪ್ಪಿಸುವ ಅವಕಾಶವಿರಲಿಲ್ಲ. ತನ್ನ ಯಂತ್ರದ ಮಾತನ್ನು ತಾನೇ ಕೇಳದಿದ್ದರೆ ಬೇರೆಯವರು ಯಾಕೆ ಕೇಳಿಯಾರು ಎಂದುಕೊಂಡು ಅವಳು ಅಳಿದ ಸಾಲನ್ನು ಅಳಿದಂತೆಯೇ ಬಿಟ್ಟಳು. ಬಾಗಿಲ ಚಿಲಕ ಎರಡು ಸಲ ನೋಡಿ ಮಲಗಿದಳು.

ಬೆಳಿಗ್ಗೆ ಸಭೆ ನಡೆದದ್ದು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸಂಘದ ದೊಡ್ಡ ಶೆಡ್ಡಿನಲ್ಲಿ. ಒಳಗೆ ಕಾಲಿಟ್ಟರೆ ಗಾಳಿಯೇ ಕೆಂಪಗಿದ್ದಂತಿತ್ತು. ಸಣ್ಣ ಸಣ್ಣ ಗುಡ್ಡೆಗಳ ಸುತ್ತ ಹೆಂಗಸರು ಗುಂಪುಗುಂಪಾಗಿ ಕುಳಿತಿದ್ದರು. ಬೆರಳುಗಳು ತಮ್ಮ ಪಾಡಿಗೆ ತಾವು ತೊಟ್ಟು ಮುರಿಯುತ್ತಿದ್ದವು.

“ಬರ್ರಿ ಬಾಯಾರ, ಮೂಗಿಗೆ ಸೆರಗ ಹಿಡ್ಕೋರಿ,” ಎಂದಳು ಸಂಘದ ಅಧ್ಯಕ್ಷೆ ನೀಲವ್ವ. “ಹೊಸಬ್ರು ಇಲ್ಲಿ ಮೊದಲು ಸೀನ್ತಾರ, ಆಮ್ಯಾಲ ಮಾತಾಡ್ತಾರ.”

ಸಿಂಚನಾ ಸೀನಿದಳು. ಮತ್ತೆ ಮತ್ತೆ ಸೀನಿದಳು. ಶೆಡ್ಡಿಗೆ ಶೆಡ್ಡೇ ನಕ್ಕಿತು.

ವಿಷಯ ದೊಡ್ಡದೇನಲ್ಲ, ಆದರೆ ಆ ಹೆಂಗಸರಿಗೆ ಚಿಕ್ಕದೂ ಅಲ್ಲ. ಸಂಘಕ್ಕೆ ಒಂದು ಕಣವಿತ್ತು. ಅದರಲ್ಲಿ ಮೆಣಸಿನ ಹಸಿ ಹಣ್ಣನ್ನು ಹರವಿ, ದಿನವೂ ತಿರುವಿ, ಬಿಸಿಲಿಗೆ ಒಣಗಿಸುತ್ತಿದ್ದರು. ಅದಕ್ಕೆ ವಾರಗಳೇ ಬೇಕು. ಕೃಷಿ ಇಲಾಖೆಯವರು ಆ ಕಣದ ಮೇಲೆ ‘ಒಣಮನೆ’ ಕಟ್ಟಿಕೊಡುತ್ತೇವೆ ಎಂದಿದ್ದರು. ಮುಚ್ಚಿದ ಕಟ್ಟಡ, ಒಳಗೆ ಸೂರ್ಯಶಾಖದ ಬಿಸಿಗಾಳಿ, ಎರಡು ದಿನದಲ್ಲಿ ಹಣ್ಣು ಗರಿಗರಿ. ಆದರೆ ಒಮ್ಮೆ ಕಟ್ಟಿದರೆ ಕಣ ಹೋಯಿತು. ಒಪ್ಪಬೇಕೋ ಬಿಡಬೇಕೋ ಎಂದು ಇವತ್ತು ಠರಾವು ಮಾಡಬೇಕಿತ್ತು. ಇಲಾಖೆ ಕೊಟ್ಟ ಹೊರೆಗಟ್ಟಲೆ ಸ್ಲೈಡುಗಳನ್ನು, ಸಿಂಚನಾ ಓದಿ ನೋಡುವಾಗಲೇ, ತಿಳಿಪರದೆ ಸೋಸಿ ಹತ್ತಕ್ಕೆ ಇಳಿಸಿತ್ತು.

ಸಿಂಚನಾ ಶುರು ಮಾಡಿದಳು. ಯಾರೂ ತಲೆ ಎತ್ತಲಿಲ್ಲ. ಕಣ್ಣುಗಳೆಲ್ಲ ಕೈಯ ಮೇಲೆ. ಪರದೆ ಟಿಕ್ ಎಂದಿತು, ಅಕ್ಷರ ದೊಡ್ಡದಾಯಿತು. ಮತ್ತೆ ಟಿಕ್, ವಾಕ್ಯ ತುಂಡಾಯಿತು. ಮತ್ತೆ ಮತ್ತೆ ಟಿಕ್. ಬಣ್ಣ ಏರಿತು, ಚಿತ್ರಗಳು ಕುಣಿದವು, ಸ್ಲೈಡುಗಳು ಒಂದರ ಮೇಲೊಂದು ಉದುರಿಹೋದವು. ಯಂತ್ರ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಫಕ್ಕೀರೇಶ ಪಕ್ಕಕ್ಕೆ ಬಂದು ಪಿಸುಗುಟ್ಟಿದ: “ಮೂವತ್ತೆಂಟರಿ ಮೇಡಂ. ಇನ್ನೂ ಇಳಿಯಾಕತ್ತೈತಿ.”

ಕೊನೆಗೆ ಪರದೆಯ ತುಂಬ ಒಂದೇ ಒಂದು ಮೆಣಸಿನಕಾಯಿ ಉಳಿಯಿತು. ಕೆಳಗೆ ‘ಒಣಮನೆ ಒಳ್ಳೆಯದು’ ಎಂಬ ಎರಡು ಪದ.

ರೇಷ್ಮಾ ಎಂಬವಳು ಅಷ್ಟು ಹೊತ್ತಿಗೆ ತಲೆ ಎತ್ತಿದಳು. “ನೀಲಕ್ಕಾ, ಪರದೀ ಕಣ್ಣಾಗ ಕಾರ ಹೋಗೈತಿ ನೋಡು. ಪಿಳಿಪಿಳಿ ಮಾಡಾಕತ್ತೈತಿ!”

“ಮೆಣಸಿನಕಾಯಿ ತಂದು ನಮಗ ತೋರಸ್ತಾರಲ್ಲವಾ!” ಎಂದಳು ಇನ್ನೊಬ್ಬಳು.

“ಗುರ್ತು ಹಿಡೀತೀಯೋ ಇಲ್ಲೋ ಅಂತ ಪರೀಕ್ಷಾ ಮಾಡ್ತಾರ.”

ಸಿಂಚನಾ ಪರದೆಯನ್ನು ನಿಲ್ಲಿಸಿದಳು. ಫಕ್ಕೀರೇಶನೇ ಉಪಾಯ ಹೇಳಿದ. ಕೆಲಸ ಬಿಡಿಸಿ, ಕುರ್ಚಿ ಹಾಕಿಸಿ, ಎಲ್ಲರನ್ನೂ ಪರದೆಗೆ ಮುಖಮಾಡಿ ಕೂರಿಸುವುದು. ನೀಲವ್ವ ಒಪ್ಪಿದಳು. ಹೆಂಗಸರು ಕೈ ತೊಳೆದು, ಸೆರಗಿಗೆ ಒರೆಸಿ, ಮದುವೆ ಮನೆಗೆ ಬಂದವರಂತೆ ಕುರ್ಚಿಗಳಲ್ಲಿ ನೆಟ್ಟಗೆ ಕುಳಿತರು.

ಆಮೇಲೆ ನಡೆದದ್ದು ಅವಳು ಹನ್ನೆರಡು ವರ್ಷ ಕನಸು ಕಂಡಂಥ ಸಭೆ. ಮೊದಲಿನಿಂದ ಮತ್ತೆ ಹಾಕಿದ ಹತ್ತು ಸ್ಲೈಡುಗಳು ನೀರಿನಂತೆ ಹರಿದವು. ಒಂದು ಸ್ಲೈಡಿಗೆ ಒಂದೇ ಮಾತು, ಒಂದೇ ಚಿತ್ರ. ಬಿಸಿಗಾಳಿ ಹಣ್ಣಿನ ಸುತ್ತ ಸುಳಿದು ತೇವ ಹೊತ್ತೊಯ್ಯುವುದು ಕಣ್ಣಿಗೆ ಕಟ್ಟಿತು. ಯಾರೂ ಪಿಟ್ಟೆನ್ನಲಿಲ್ಲ. ಪರದೆ ಒಮ್ಮೆಯೂ ಟಿಕ್ ಎನ್ನಲಿಲ್ಲ. ಫಕ್ಕೀರೇಶ ದೂರದಿಂದಲೇ ಬೆರಳು ಮಡಿಸಿ ತೋರಿಸಿದ: ತೊಂಬತ್ನಾಲ್ಕು. ನೀಲವ್ವ “ಒಪ್ಪಿಗಿ ಇದ್ದವರು ಕೈ ಎತ್ತ್ರಿ” ಎಂದಾಗ ಎಲ್ಲ ಕೈಗಳೂ ಮೇಲೆದ್ದವು. ಊಟವಾದ ಮೇಲೆ ಠರಾವಿಗೆ ಸಹಿ ಎಂದಾಯಿತು.

ಸಿಂಚನಾ ಶೆಡ್ಡಿನ ಬಾಗಿಲ ಬಳಿ ಕುಳಿತು, ನೀಲವ್ವ ಕೊಟ್ಟ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿಂದಳು. ಬಹಳ ದಿನಗಳ ಮೇಲೆ ಊಟ ರುಚಿಸಿತ್ತು. ಹೆಂಗಸರು ಉಂಡು ಗುಡ್ಡೆಗಳಿಗೆ ಮರಳಿದರು. ಕೈ ಆಡತೊಡಗಿತು, ಕೈಯ ಹಿಂದೆಯೇ ಬಾಯಿಯೂ.

“ಅಲ್ಲ ನೀಲಕ್ಕಾ,” ರೇಷ್ಮಾ ತೊಟ್ಟು ಮುರಿಯುತ್ತ ಕೇಳಿದಳು, “ಒಳಗ ಒಣಗಿದ್ರ ಬಣ್ಣ ಹೆಂಗ ಬರತೈತಿ?”

“ಹೇಳ್ಯಾರಲ್ಲ, ಎರಡ ದಿನದಾಗ ಒಣಗತೈತಿ ಅಂತ.”

“ಒಣಗೂದು ಬ್ಯಾರೆ. ನಾ ಕೇಳಿದ್ದು ಬಣ್ಣ.”

“ಆಗ ಯಾಕ ಕೇಳ್ಲಿಲ್ಲ ಮತ್ತ? ಎಲ್ಲಾರಿಗಿಂತ ಮೊದಲ ಕೈ ಎತ್ತಿದಾಕಿ ನೀನ.”

“ಯವ್ವಾ, ಭಾಳ ಚಂದ ಇತ್ತು. ನೋಡ್ಕೋತ ಕುಂತ್ರ ಕೇಳೂದ ನೆನಪಾಗ್ಲಿಲ್ಲ.”

ಎಲ್ಲರೂ ನಕ್ಕರು. ಸಿಂಚನಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬ್ಯಾಡಗಿ ಕಾಯಿಯನ್ನು ಜನ ಕೊಳ್ಳುವುದೇ ಅದರ ಕಡುಗೆಂಪಿಗೆ. ಅದು ಅವಳಿಗೂ ಗೊತ್ತಿದ್ದ ವಿಷಯ. ಆ ಹೆಂಗಸರು ತೋರಿಸಿದ್ದನ್ನೆಲ್ಲ ಅರ್ಥಮಾಡಿಕೊಂಡಿದ್ದರು. ತೋರಿಸದೆ ಬಿಟ್ಟದ್ದು ಮಾತ್ರ ಅವರಿಗೆ ಕಾಣಲಿಲ್ಲ, ಏಕೆಂದರೆ ಕಂಡದ್ದು ಅಷ್ಟು ಪೂರ್ಣವಾಗಿತ್ತು. ರಾತ್ರಿ ತಾನು ಹಣೆ ಗಂಟಿಕ್ಕಿದ್ದು ಆ ಸಾಲು ತಿಳಿಯದೆ ಅಲ್ಲ. ತಿಳಿದದ್ದರಿಂದ. ತಿಳಿಯದೆ ಬಿಗಿಯುವ ಹಣೆಗೂ ತಿಳಿದು ಬಿಗಿಯುವ ಹಣೆಗೂ ಇರುವ ವ್ಯತ್ಯಾಸವನ್ನು ತಾನು ಯಂತ್ರಕ್ಕೆ ಕಲಿಸಿಯೇ ಇರಲಿಲ್ಲ. ತನ್ನ ಮನಸ್ಸು ಯೋಚಿಸತೊಡಗಿದ ಗಳಿಗೆಯಲ್ಲೇ ಯಂತ್ರ ಯೋಚನೆಯ ಕಾರಣವನ್ನು ಒರೆಸಿಹಾಕಿತ್ತು.

ಅವಳು ಕೈ ತೊಳೆದು ಎದ್ದು ಹೋಗಿ, ಕರವಸ್ತ್ರ ಬಿಚ್ಚಿ ಪರದೆಯ ಮಸೂರಕ್ಕೆ ಕಟ್ಟತೊಡಗಿದಳು.

“ಮೇಡಂ!” ಫಕ್ಕೀರೇಶ ಓಡಿ ಬಂದ. “ಕಣ್ಣು ಮುಚ್ಚಿದ್ರ ಅಂಕ ಬರೂದಿಲ್ರಿ.”

“ಬರೋದು ಬ್ಯಾಡ.”

“ತೊಂಬತ್ನಾಲ್ಕು ಕೈಯಾಗ ಐತ್ರಿ. ಈಗ ಇವರು ಠರಾವು ಮುರದ್ರಂದ್ರ ಸಮಿತಿಯವರು ಸುಮ್ಮನಿರ್ತಾರೇನು? ಗೆದ್ದೀವಿ, ಹೊಂಡೂಣು ನಡೀರಿ.”

“ಫಕ್ಕೀರೇಶ, ನನಗೂ ಹೆದರಿಕಿ ಅದ,” ಎಂದಳು ಸಿಂಚನಾ. “ಒಂದು ತಾಸು ತಡಿ. ಆಮ್ಯಾಲ ಬೇಕಾದ್ದು ಅನ್ನು.”

ಗಂಟು ಬಿಗಿದು ಪರದೆಯ ಮುಂದೆ ಕುಳಿತಳು. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಅವಳು ತನ್ನ ಕೈಯಾರೆ ಒಂದು ಸ್ಲೈಡು ಮಾಡಿದಳು. ನಡುವೆ ಒಂದು ಗೆರೆ. ಎಡಕ್ಕೆ ‘ನಮಗೆ ಗೊತ್ತಿರುವುದು’: ಹಣ್ಣು ಬೇಗ ಒಣಗುತ್ತದೆ, ಅಕಾಲದ ಮಳೆಗೆ ನೆನೆಯುವುದಿಲ್ಲ. ಬಲಕ್ಕೆ ‘ಗೊತ್ತಿಲ್ಲದಿರುವುದು’: ಬಣ್ಣ ಹೇಗೆ ಉಳಿಯುತ್ತದೆ. ಅಕ್ಷರಗಳು ಅಷ್ಟೇನೂ ಅಂದವಾಗಿರಲಿಲ್ಲ.

“ಕೆಲಸ ಬಿಡಬ್ಯಾಡ್ರಿ,” ಎಂದಳು ಅವಳು. “ತೊಟ್ಟು ಬಿಡಸ್ಕೋತನ ಕೇಳ್ರಿ.” ಒಮ್ಮೆ ಓದಿದಳು. ಆಮೇಲೆ ನೀಲವ್ವನ ಗುಂಪಿನಲ್ಲಿ ನೆಲದ ಮೇಲೆ ಕುಳಿತು ತಾನೂ ಒಂದು ಕಾಯಿ ಎತ್ತಿಕೊಂಡಳು.

ಯಾರೂ ಪರದೆ ನೋಡಲಿಲ್ಲ. ಒಬ್ಬರನ್ನೊಬ್ಬರು ನೋಡಿದರು, ಇಲ್ಲವೇ ಕೈ ನೋಡಿಕೊಂಡರು. ಬಗ್ಗಿ ಬಗ್ಗಿ ಹಣ್ಣು ತಿರುವಿ ತನ್ನ ಸೊಂಟ ಹೋಯಿತು, ಒಣಮನೆ ಬರಲೇಬೇಕು ಎಂದಳು ಒಬ್ಬಳು. ಬಣ್ಣ ಕೆಟ್ಟರೆ ಸೊಂಟ ನೆಟ್ಟಗಿಟ್ಟುಕೊಂಡು ಏನು ಮಾಡುತ್ತೀ ಎಂದಳು ಇನ್ನೊಬ್ಬಳು. ಹೋದ ವರ್ಷದ ಮಳೆಯ ನೆನಪು ಬಂತು. ದನಿ ಏರಿತು. ಇಬ್ಬರು ಮುನಿಸಿಕೊಂಡು ಗುಂಪು ಬದಲಿಸಿ, ಸ್ವಲ್ಪ ಹೊತ್ತಿನಲ್ಲೇ ಹಿಂದಕ್ಕೆ ಬಂದರು.

“ಬಾಯಾರ, ಅರ್ಧಾ ಕಣಕ್ಕಷ್ಟ ಕಟ್ಟಾಕ ಬರೂದಿಲ್ಲೇನ್ರಿ?” ನೀಲವ್ವ ಕೇಳಿದಳು. “ಈ ಸುಗ್ಗಿ ಅಲ್ಲೀದು ಇಲ್ಲೀದು ಎರಡೂ ಜೋಡಿಸಿಟ್ಟು ನೋಡ್ತೀವಿ.”

ಫಕ್ಕೀರೇಶ ಇಲಾಖೆಯ ಮೂಲ ಸ್ಲೈಡುಗಳನ್ನು ತಿರುವಿದ. ಅರ್ಧ ಅಳತೆಯ ಒಣಮನೆಯ ನಕಾಶೆ ಅಲ್ಲೇ ಇತ್ತು. ಎರಡು ಆಯ್ಕೆ ಕಂಡರೆ ಕೇಳುಗರ ಕಣ್ಣು ಅತ್ತಿತ್ತ ಓಡುತ್ತದೆಂದು ಪರದೆ ಅದನ್ನು ಎಂದೋ ಬೀಳಿಸಿತ್ತು. ಅವನು ಸಿಂಚನಾಳ ಮುಖ ನೋಡಿ, ತಲೆ ಕೆರೆದುಕೊಂಡು, “ಬರತೈತ್ರಿ ಯಕ್ಕಾ. ಐತಿ ಇಲ್ಲಿ,” ಎಂದ.

ಸಂಜೆ ಅರ್ಧ ಕಣದ ಠರಾವಿಗೆ ಸಹಿ ಬಿತ್ತು. ಸಿಂಚನಾ ಬಿಡಿಸಿದ ಕಾಯಿಗಳನ್ನು ನೋಡಿ ರೇಷ್ಮಾ, “ಬಾಯಾರ, ನಿಮಗ ಪರದೀ ಕೆಲಸನ ಚಲೋ,” ಎಂದು ಕಳಿಸಿಕೊಟ್ಟಳು.

ಸಮಿತಿಗೆ ಸಿಂಚನಾ ಇದ್ದದ್ದನ್ನೇ ಬರೆದಳು: ಬೆಳಗಿನ ಮೊದಲ ಸುತ್ತು ಮೂವತ್ತೆಂಟಕ್ಕೂ ಕೆಳಗೆ, ಎರಡನೆಯದು ತೊಂಬತ್ನಾಲ್ಕು, ಮಧ್ಯಾಹ್ನದ ಸುತ್ತಿನಲ್ಲಿ ಮಸೂರ ಮುಚ್ಚಿತ್ತು, ಅಂಕವಿಲ್ಲ. ಸಭೆಯ ಠರಾವು ಅರ್ಧ ಕಣಕ್ಕೆ. ದಿನಗಟ್ಟಲೆ ಕಾದಳು. ಸಮಿತಿಯವರು ತೊಂಬತ್ನಾಲ್ಕನ್ನಷ್ಟೇ ನೋಡಿದರು. ತಿಳಿಪರದೆ ಒಪ್ಪಿಗೆಯಾಯಿತು. ಆ ವರ್ಷ ತಯಾರಾದ ಪ್ರತಿಯೊಂದು ಪರದೆಯ ಮಸೂರಕ್ಕೂ ಅವಳು ಒಂದು ಪುಟ್ಟ ಮುಚ್ಚಳ ಹಾಕಿಸಿದಳು. ಬಳಸುವ ಕ್ರಮದಲ್ಲಿ ಒಂದೇ ಸಾಲು ಸೇರಿಸಿದಳು: ಕೊನೆಯ ಸ್ಲೈಡನ್ನು ಮಾತಾಡುವವರು ಸ್ವತಃ ಬರೆಯಬೇಕು, ಗೊತ್ತಿಲ್ಲದ್ದನ್ನೂ ಬರೆಯಬೇಕು, ಆಗ ಮುಚ್ಚಳ ಹಾಕಿರಬೇಕು.

“ಬ್ಯಾಡಗಿದು ಬರದ್ರ ದೊಡ್ಡ ಪ್ರಬಂಧ ಆಗತೈತ್ರಿ ಮೇಡಂ,” ಎಂದ ಫಕ್ಕೀರೇಶ. “ಮುಚ್ಚಳ ಯಾಕಂತ ಎಲ್ಲಾರೂ ಕೇಳಾಕತ್ತಾರ.”

ಸಿಂಚನಾ ಯೋಚಿಸಿದಳು. ಬರೆದರೆ ಯಾರಾದರೂ ಬುದ್ಧಿವಂತರು ಓದುತ್ತಾರೆ. ಪರದೆಯಿಂದ ಮುಖ ತಿರುಗಿಸಿ ಒಬ್ಬರೊಡನೊಬ್ಬರು ಮಾತಾಡುವುದೇ ಒಳ್ಳೆಯ ಸಭೆಯ ಗುರುತು ಎಂದು ತಿಳಿಯುತ್ತಾರೆ. ಮಾತನ್ನು ಅಳೆಯುವ ಇನ್ನೊಂದು ಮಸೂರ ಬರುತ್ತದೆ, ಅದಕ್ಕೊಂದು ಅಂಕ ಬರುತ್ತದೆ, ತೊಂಬತ್ತು ದಾಟಿಸಲು ಜನರನ್ನು ಮಾತಾಡಿರಿ ಮಾತಾಡಿರಿ ಎಂದು ತಿವಿಯುವುದು ಶುರುವಾಗುತ್ತದೆ. ಅವಳ ಕಾಲೇಜಿನ ದಿನಗಳಲ್ಲೂ ಹೀಗೇ ಆಗಿತ್ತಲ್ಲ. ಆಗ ಎಲ್ಲ ಭಾಷಣಗಳ ಕೊನೆಗೂ ‘ಪ್ರಶ್ನೆಗಳಿವೆಯೇ?’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಸ್ಲೈಡು ಇರುತ್ತಿತ್ತು. ಯಾರೋ ಒಬ್ಬರು ಮೊದಲ ಸಲ ಅದನ್ನು ಮನಸಾರೆ ಕೇಳಿದ್ದಿರಬೇಕು. ಆಮೇಲೆ ಅದು ಕ್ರಮವಾಯಿತು. ಅದು ಕಂಡೊಡನೆ ಸಭೆಗೆ ಸಭೆಯೇ ಚೀಲ ಹೆಗಲಿಗೇರಿಸಿ ಏಳುತ್ತಿತ್ತು. ವೇದಿಕೆಯ ಮೇಲಿದ್ದವರಿಗೂ ಅದೇ ಬೇಕಿತ್ತು.

“ಧೂಳಿಗೂ ಆಗ್ತದ, ಮನಸ್ಸಿಗೂ ಆಗ್ತದ ಅಂತ ಹೇಳು,” ಎಂದು ಅವಳು ನಕ್ಕಳು. ಪ್ರಬಂಧ ಬರೆಯಲೇಬೇಕೆಂದು ಫಕ್ಕೀರೇಶ ಪಟ್ಟು ಹಿಡಿದ; ಅವಳು ಒಪ್ಪಲಿಲ್ಲ. ಅವತ್ತು ಮಧ್ಯಾಹ್ನ ಆ ಶೆಡ್ಡಿನಲ್ಲಿ ಹೆಂಗಸರು ಪರದೆ ಬಿಟ್ಟು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ಹಗುರಾದ ಮನಸ್ಸಿನಿಂದ ಮನೆಗೆ ಹೊರಟಳು.