ನೀಲಿ ಹಿಡಿ

ಬರ್ಮಾದ ಯುದ್ಧದಿಂದ ಮರಳಿದ ನನ್ನ ಕಾಕಾ ರುದ್ರಗೌಡ ಮೂರು ಜಪಾನಿ ಕತ್ತಿಗಳನ್ನು ತಂದಿದ್ದ. ಅವುಗಳ ಹಿಡಿಗೆ ಕೆಂಪು, ಹಸಿರು, ನೀಲಿ ರೇಷ್ಮೆ ದಾರ ಸುತ್ತಿತ್ತು. ಅಮವಾಸ್ಯೆಗೊಮ್ಮೆ ಅಲಗಿಗೆ ಲವಂಗದೆಣ್ಣೆ ಸವರುವಾಗಲೂ ಹಿಡಿಯನ್ನು ಅವನು ಬರಿಗೈಯಿಂದ ಮುಟ್ಟುತ್ತಿರಲಿಲ್ಲ.

೧೯೪೭ರಲ್ಲಿ ಯಮಕನಮರಡಿಯಲ್ಲಿ ನನ್ನ ಮದುವೆ. ನಮ್ಮಲ್ಲಿ ಅರಿಷಿಣ ಹಚ್ಚಿದ ಗಳಿಗೆಯಿಂದ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೆ ಮದುಮಗ ಕೈಯಲ್ಲಿನ ಕಟಾರಿಯನ್ನು ಕೆಳಗಿಡಬಾರದು. ಕಾಕಾ ಬೀಗರನ್ನು ಕರೆತರಲು ಕುಲಗೋಡಕ್ಕೆ ಹೋಗಿದ್ದಾಗ, ಮನೆಯ ಹಳೆಯ ಕಟಾರಿ ಬಿಟ್ಟು ಶೋಕಿಗಾಗಿ ನೀಲಿ ಹಿಡಿಯ ಗಿಡ್ಡ ಕತ್ತಿಯನ್ನು ಹಿಡಿದೆ.

ಮಧ್ಯಾಹ್ನಕ್ಕೆ ಹಿಡಿ ಬೆವರತೊಡಗಿತು. ಆ ಬೆವರು ನನ್ನದಲ್ಲ. ತಣ್ಣಗೆ, ಹಳಸಿದ ಗಂಜಿಯಂತೆ ಅಂಟಂಟಾಗಿ ಬೆರಳ ಸಂದಿಗೆ ಇಳಿಯಿತು. ಯಾರದೋ ಕಂಕುಳಿನ ನಾತ. ದಾರದ ಮೇಲೆ ಒತ್ತಿದರೆ ಏನೋ ಮೆತ್ತಗೆ ತಿರುಗಿ ಒತ್ತುತ್ತಿತ್ತು.

"ಅವ್ವಾ, ಕೈ ತೊಳಕೋತೀನಿ. ಒಂದ್ ಗಳಿಗಿ ಇದನ್ನ ಇಡ್ಲಿ?"

"ಇಟ್ಟರ ಲಗ್ನ ಕೆಡತೈತಿ. ಗಟ್ಟಿ ಹಿಡಿ," ಎಂದಳು ಅವ್ವ.

ಸೋದರತ್ತೆ ಸತ್ತೆವ್ವ ನಕ್ಕಳು. "ಕತ್ತಿ ಹಿಡಿಯಾಕ ಹೇಸತಾನ, ನಾಳಿ ಹೇಂತಿ ಕೈ ಹೆಂಗ ಹಿಡೀತಾನ?"

ಮರುದಿನ ಅಕ್ಕಿಕಾಳು ಬಿದ್ದೊಡನೆ ಮುಷ್ಟಿ ಬಿಚ್ಚಿದೆ. ನನ್ನ ಅಂಗೈಯ ಅರಿಷಿಣ ಹಿಡಿಗೆಲ್ಲ ಮೆತ್ತಿತ್ತು. ನಡುವೆ ನಾಲ್ಕು ಸಣ್ಣ ಪಟ್ಟೆಗಳು ಮಾತ್ರ ನೀಲಿಯಾಗಿಯೇ ಉಳಿದಿದ್ದವು, ನನ್ನ ಬೆರಳುಗಳ ಕೆಳಗೆ ಬೇರೆ ಬೆರಳುಗಳಿದ್ದಂತೆ.

ಮದುಮಕ್ಕಳು ಒಂದೇ ತಾಟಿನಲ್ಲಿ ಉಣ್ಣುವ ಭೂಮದ ಊಟದಲ್ಲಿ ನಾನು ತನ್ನ ಬಾಯಿಗಿಟ್ಟ ಮೊದಲ ತುತ್ತನ್ನು ಹೆಂಡತಿ ಕಾಶೆವ್ವ ಸೆರಗಿನಲ್ಲಿ ಉಗುಳಿದಳು.

"ಕೈ ತೊಳೀಲಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಸೀಗೆಕಾಯಿ ಹಚ್ಚಿ ಏಳು ಸಲ ತೊಳೆದಿದ್ದೆ.